ಮೂರು ಬೀಜ, ಒಂದು ಬಾಲ್ಕನಿ, ಅಪ್ಪನ ಒಂದು ಪ್ರಶ್ನೆ

ಮೊದಲೇ ಹೇಳಿಬಿಡುತ್ತೇನೆ. ನಾನಿರುವುದು ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಇಲ್ಲಿ 2024ರ ಏಪ್ರಿಲ್ 1ರಿಂದ 18 ವರ್ಷ ದಾಟಿದವರು ಮನೆಯಲ್ಲಿ ಮೂರು ಗಾಂಜಾ ಗಿಡ ಬೆಳೆಸಿಕೊಳ್ಳಬಹುದು. ಊರಲ್ಲಿ ಇದೇ ಕೆಲಸ ಮಾಡಿದರೆ 1985ರ ಎನ್‌ಡಿಪಿಎಸ್, ಅಂದರೆ ಮಾದಕವಸ್ತು ತಡೆ ಕಾಯ್ದೆ ಪ್ರಕಾರ 10 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ‘ಅರಿಶಿನದ ನಡುವೆ ಗಾಂಜಾ, ರೈತನ ಬಂಧನ’ ಅನ್ನುವಂಥ ಸುದ್ದಿಯನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ. ಹಾಗಾಗಿ ಇದನ್ನು ಓದಿಕೊಂಡು ಯಾರೂ ತಾರಸಿ ಹತ್ತಬೇಡಿ.

ಇಲ್ಲೂ ಹೇಗೆ ಬೇಕಾದರೆ ಹಾಗೆ ಅಂತಿಲ್ಲ. ಈ ದೇಶದಲ್ಲಿ ಕನಿಷ್ಠ 6 ತಿಂಗಳು ವಾಸವಿರಬೇಕು. ಒಬ್ಬರಿಗೆ ಒಂದು ಹೊತ್ತಿಗೆ ಮೂರೇ ಗಿಡ. ಒಣಗಿಸಿದ್ದು ಮನೆಯಲ್ಲಿ 50 ಗ್ರಾಂ ಮೀರುವಂತಿಲ್ಲ. ಬೆಳೆದದ್ದನ್ನು ಮಾರುವುದಿರಲಿ, ಗೆಳೆಯನಿಗೆ ಪುಕ್ಕಟೆ ಕೊಡುವಂತೆಯೂ ಇಲ್ಲ. ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು. ನನ್ನ ಬಾಲ್ಕನಿ ಬಾಗಿಲಿಗೆ ಬೀಗ ಇದೆ. ಸ್ನೇಹಿತರು ಮಕ್ಕಳನ್ನು ಕರೆದುಕೊಂಡು ಬಂದ ದಿನ ಬೀಗದಕೈ ನನ್ನ ಜೇಬಿನಲ್ಲಿರುತ್ತದೆ.

ಯಾಕಪ್ಪ ನಿನಗೆ ಈ ಉಸಾಬರಿ ಅಂತ ನೀವು ಕೇಳಬಹುದು. ನಿಜ ಹೇಳಬೇಕೆಂದರೆ, ಜಂಬ. ನಾನು ಪಿರಿಯಾಪಟ್ಟಣದ ಕಡೆಯವನು. ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಬೇಸಿಗೆ ರಜೆ ಅಂದರೆ ನಮಗೆ ಸಸಿಮಡಿಯ ರಜೆ. ಹೊಗೆಸೊಪ್ಪಿನ ಬೀಜ ನೋಡಿದ್ದೀರಾ? ಕಾಫಿಪುಡಿಗಿಂತ ಸಣ್ಣ. ಒಂದು ಗ್ರಾಮಿಗೆ 10 ಸಾವಿರಕ್ಕೂ ಹೆಚ್ಚು ಬೀಜ ತೂಗುತ್ತವೆ. ಅದನ್ನು ನೀರಿಗೆ ಕಲಸಿ ಕ್ಯಾನಿನಲ್ಲಿ ಮಡಿಗೆ ಸುರಿಯುತ್ತಿದ್ದೆವು. ಅಂಥ ಬೀಜ ಎಬ್ಬಿಸಿದ ಮನೆಯ ಮಗನಿಗೆ ಮೂರು ಗಾಂಜಾ ಬೀಜ ಯಾವ ಲೆಕ್ಕ ಅಂದುಕೊಂಡೆ. ಆದರೆ ಆ ಮಡಿಯಲ್ಲಿ ನನ್ನ ಕೆಲಸ ಪೈರು ಕಿತ್ತು ಕಟ್ಟು ಕಟ್ಟುವುದಷ್ಟೇ ಆಗಿತ್ತು. ಬೀಜ ಎಬ್ಬಿಸಿದ್ದು ಅಪ್ಪ. ಇದು ನನಗೆ ಹೊಳೆದಿದ್ದು ಆಮೇಲೆ.

ಬೀಜವನ್ನು ಯುರೋಪಿಯನ್ ಒಕ್ಕೂಟದ ದೇಶಗಳಿಂದ ಅಂಚೆಯಲ್ಲಿ ತರಿಸಿಕೊಳ್ಳಬಹುದು. ಐದು ಬೀಜದ ಒಂದು ಪೊಟ್ಟಣ ತರಿಸಿದೆ. ಕೊಟ್ಟ ದುಡ್ಡಿಗೆ ಊರಲ್ಲಿ ಒಂದು ಎಕರೆಗೆ ರಾಗಿ ಬೀಜ ಬರುತ್ತಿತ್ತು. ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೂವಿಗಾಗಿ ಬೆಳೆಯುವವರಿಗೆ ಬೇಕಾಗಿದ್ದು ಹೆಣ್ಣು. ಹಾಗಾಗಿ ಹೆಚ್ಚುಕಮ್ಮಿ ಹೆಣ್ಣುಗಿಡವೇ ಆಗುವಂತೆ ತಯಾರಿಸಿದ ಬೀಜಕ್ಕೆ ಬೆಲೆ ಜಾಸ್ತಿ. ಅಂಗೈ ಮೇಲೆ ಹಾಕಿ ನೋಡಿದೆ. ಕೊತ್ತಂಬರಿ ಕಾಳಿಗಿಂತ ಸ್ವಲ್ಪ ಚಿಕ್ಕದು. ಬೂದು ಕಂದು ಬಣ್ಣ, ಮೇಲೆ ಕಪ್ಪು ಗೀರು. ಹಲ್ಲಿಯ ಮೊಟ್ಟೆಗೆ ಯಾರೋ ಹುಲಿವೇಷ ಹಾಕಿದ ಹಾಗಿತ್ತು.

ಹೋದ ವರ್ಷ, ಅಂದರೆ 2025ರ ಏಪ್ರಿಲ್ 11, ಶುಕ್ರವಾರ ರಾತ್ರಿ ಮೂರು ಬೀಜಗಳನ್ನು ಲೋಟದಲ್ಲಿ ಉಗುರುಬೆಚ್ಚಗಿನ ನೀರಿಗೆ ಹಾಕಿದೆ. ಮೂರೂ ತೇಲಿದವು. ಬೆಳಗ್ಗೆ ಎದ್ದಾಗ ಎರಡು ಮುಳುಗಿದ್ದವು. ಮೂರನೆಯದನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿದೆ, ಅದೂ ಇಳಿಯಿತು. ಸಿಪ್ಪೆ ನೀರು ಕುಡಿದು ಒಳಗಿನ ಗಾಳಿ ಹೊರಹೋದರೆ ಬೀಜ ಮುಳುಗುತ್ತದೆ. ಒಂದು ದಿನಕ್ಕಿಂತ ಜಾಸ್ತಿ ನೀರಲ್ಲೇ ಬಿಟ್ಟರೆ ಉಸಿರು ಕಟ್ಟುತ್ತದೆ, ಬೀಜಕ್ಕೂ ಗಾಳಿ ಬೇಕು.

ಆಮೇಲಿನದು ನಮ್ಮ ಅಡುಗೆಮನೆಯ ವಿದ್ಯೆ. ಅಮ್ಮ ಹುರುಳಿಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆ ಪಕ್ಕ ಇಡುತ್ತಿದ್ದಳಲ್ಲ, ಅದೇ. ಬಟ್ಟೆಯ ಬದಲು ಟಿಶ್ಯೂ ಪೇಪರ್. ಒದ್ದೆ ಮಾಡಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ, ನಡುವೆ ಬೀಜ ಇಟ್ಟು ಮಡಚಿದೆ. ತಟ್ಟೆಯಲ್ಲಿಟ್ಟು ಮೇಲೊಂದು ತಟ್ಟೆ ಮುಚ್ಚಿದೆ. ಒಲೆ ಪಕ್ಕದ ಬಿಸಿಗೆ ಏನು ಮಾಡುವುದು? ಇಲ್ಲಿ ಏಪ್ರಿಲ್‌ನಲ್ಲಿ ರಾತ್ರಿ ಹೀಟರ್ ಆರಿಸಿದರೆ ಮನೆ ತಣ್ಣಗಾಗುತ್ತದೆ. ಈ ಬೀಜಕ್ಕೆ 20ರಿಂದ 25 ಡಿಗ್ರಿ ಬೇಕು. ಮನೆಯಲ್ಲಿ ಹಗಲೂ ರಾತ್ರಿ ಬೆಚ್ಚಗಿರುವ ವಸ್ತು ಒಂದೇ, ವೈಫೈ ರೌಟರ್. ಅದರ ಮೇಲೆ ದಪ್ಪ ಪುಸ್ತಕ, ಪುಸ್ತಕದ ಮೇಲೆ ತಟ್ಟೆ. ಆ ಮೂರು ದಿನ ನಾನು ಆಫೀಸಿನ ಮೀಟಿಂಗ್‌ಗಳನ್ನು ಮಾಡಿದ್ದು ಆ ಬೀಜಗಳ ಕೆಳಗಿನಿಂದಲೇ.

ತೆಗೆದು ನೋಡಬಾರದು ಅಂತ ಗೊತ್ತಿತ್ತು. ಭಾನುವಾರ ಒಂದೇ ದಿನ ಐದು ಸಲ ನೋಡಿದೆ. ಏನೂ ಇಲ್ಲ. ಸೋಮವಾರ ಬೆಳಗ್ಗೆ ಮೇಲಿನ ತಟ್ಟೆ ಎತ್ತಿದರೆ ಎರಡು ಬೀಜ ಬಾಯಿ ಬಿಟ್ಟಿದ್ದವು. ಸಿಪ್ಪೆಯ ಚೂಪು ತುದಿ ಸೀಳಿ ಬೆಳ್ಳನೆಯ ಬಾಲವೊಂದು ಹೊರಗೆ ಬಂದಿತ್ತು. ಒಂದರದ್ದು ಅಕ್ಕಿಕಾಳಿನಷ್ಟು, ಇನ್ನೊಂದರದ್ದು ಆಗಲೇ ಕೊಕ್ಕೆಯಂತೆ ಬಾಗಿತ್ತು. ಮೂರನೆಯದು ಬುಧವಾರದವರೆಗೆ ಕಾಯಿಸಿತು.

ಮೊಸರಿನ ಅರ್ಧ ಲೀಟರ್ ಡಬ್ಬಗಳನ್ನು ತೊಳೆದಿಟ್ಟಿದ್ದೆ. ಸ್ಕ್ರೂಡ್ರೈವರ್ ಕಾಯಿಸಿ ತಳಕ್ಕೆ ತೂತು ಹಾಕಿದೆ. ಮನೆಯಿಡೀ ಸುಟ್ಟ ಪ್ಲಾಸ್ಟಿಕ್ ವಾಸನೆ. ಮಣ್ಣಿನ ವಿಷಯದಲ್ಲಿ ಮೇಲಿನ ಮಹಡಿಯ ಮನೆಯ ಅಜ್ಜಿ ನನ್ನನ್ನು ಉಳಿಸಿದರು. ಅವರ ಬಾಲ್ಕನಿಯಲ್ಲಿ ಪ್ರತಿ ವರ್ಷ ಟೊಮೇಟೊ ಇರುತ್ತದೆ. ನಾನು ಟೊಮೇಟೊ ಮಣ್ಣಿನ ದೊಡ್ಡ ಚೀಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ. ಅಜ್ಜಿ ನಿಲ್ಲಿಸಿ, ಇದು ಯಾರಿಗೆ ಅಂತ ಕೇಳಿದರು. ಮೊಳಕೆಗೆ ಅಂದೆ. ಹಸುಗೂಸಿಗೆ ಹಂದಿಮಾಂಸ ತಿನ್ನಿಸುತ್ತೀಯಾ ಅಂದರು! ಆ ಮಣ್ಣಿಗೆ ಗೊಬ್ಬರ ಮೊದಲೇ ಬೆರೆಸಿರುತ್ತಾರೆ. ಗೊಬ್ಬರದ ಉಪ್ಪು ಎಳೆ ಬೇರನ್ನು ಸುಡುತ್ತದೆ. ಸಸಿ ಎಬ್ಬಿಸೋದಕ್ಕೆ ಇಲ್ಲಿ ‘ಆನ್‌ಸುಖ್ಟ್‌ಎರ್ಡೆ’ ಅಂತ ಬೇರೆಯೇ ಮಣ್ಣು ಸಿಗುತ್ತದೆ, ನುಣ್ಣಗೆ, ಹಗುರವಾಗಿ, ಸತ್ವ ಕಡಿಮೆ. ಎಳೆ ಸಸಿಗೆ ಎರಡು ವಾರದ ಊಟ ಅದರ ಬೀಜದೆಲೆಗಳಲ್ಲೇ ಇರುತ್ತದೆಯಂತೆ. ಆ ಮಣ್ಣಿಗೆ ಒಂದಷ್ಟು ಪರ್ಲೈಟ್, ಅಂದರೆ ಹಗುರವಾದ ಬಿಳಿ ಹರಳು ಬೆರೆಸಿದೆ. ನೋಡೋದಕ್ಕೆ ಮಣ್ಣಿಗೆ ಸಾಬುದಾನಿ ಕಲಸಿದ ಹಾಗಿತ್ತು.

ಸೋಮವಾರ ಸಂಜೆ ಮೊದಲ ಎರಡನ್ನು ಹೂತೆ. ಬೆರಳಿನ ಮೊದಲ ಗೆಣ್ಣಿನ ಅರ್ಧದಷ್ಟು ಆಳ, ಒಂದು ಒಂದೂವರೆ ಸೆಂಟಿಮೀಟರ್. ಬಿಳಿ ಬಾಲ ಮೇಲಕ್ಕೆ ಬರುವ ಹಾಗೆ ನಾಜೂಕಾಗಿ ಇಟ್ಟು ಮಣ್ಣು ಎಳೆದೆ. ಹೌದು, ಮೇಲಕ್ಕೆ. ಅದು ಚಿಗುರು ಅಂದುಕೊಂಡಿದ್ದೆ.

ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಹುರುಳಿಕಾಳು ನೆನಪಾಯಿತು. ಕಾಳಿನಿಂದ ಮೊದಲು ಬರೋದು ಬೇರಲ್ವಾ! ರೈತನ ಮಗ ಬೇರನ್ನು ಆಕಾಶಕ್ಕೆ ನೆಟ್ಟು ಮಲಗಿದ್ದ. ಎದ್ದು ಫೋನಿನ ಬೆಳಕಲ್ಲಿ ಟೀ ಚಮಚ ಹಿಡಿದು ಅಗೆದೆ. ತಲೆಕೆಳಗಾದ ಬೇರು ತಾನೇ ತಿರುಗಿಕೊಂಡು ಕೆಳಗೆ ಹೋಗುತ್ತದೆ ಅಂತ ಮರುದಿನ ಗೊತ್ತಾಯಿತು. ಸ್ವಲ್ಪ ಶಕ್ತಿ, ಸ್ವಲ್ಪ ಟೈಮು ದಂಡ, ಅಷ್ಟೇ. ಸುಮ್ನೆ ಮಲಗಿದ್ದರೆ ಆಗುತ್ತಿತ್ತು. ಆದರೆ ಆ ಹೊತ್ತಿಗೆ ಒಂದನ್ನು ತಿರುಗಿಸಿ, ಹೆದರಿ, ಮೇಲೆಮೇಲಷ್ಟೇ ತೆಳ್ಳಗೆ ಮಣ್ಣು ಮುಚ್ಚಿದ್ದೆ. ಇನ್ನೊಂದು ಕೈಗೆ ಸಿಗಲಿಲ್ಲ, ಹಾಗೇ ಬಿಟ್ಟೆ.

ಶುಕ್ರವಾರ ಗುಡ್‌ಫ್ರೈಡೇ ರಜೆ. ಬೆಳಗ್ಗೆ ಕಾಫಿ ಹಿಡಿದು ಬಂದರೆ, ಕೈಗೆ ಸಿಗದ ಆ ಬೀಜ ಎದ್ದು ನಿಂತಿತ್ತು! ಮೊದಲು ಬಾಗಿದ ಕತ್ತು ಮಣ್ಣು ಸೀಳಿತು, ಮಧ್ಯಾಹ್ನದ ಹೊತ್ತಿಗೆ ತಲೆ ಎತ್ತಿತು. ದುಂಡನೆಯ ಎರಡು ಎಲೆ, ನಯವಾದ ಅಂಚು. ಗಾಂಜಾ ಅಂತ ಯಾರೂ ಹೇಳಲಾರರು. ಅದರ ನಡುವಿನಿಂದ ಸೂಜಿಮೊನೆಯಷ್ಟು ಇನ್ನೊಂದು ಜೋಡಿ ಇಣುಕುತ್ತಿತ್ತು. ಅದರ ಅಂಚಲ್ಲಿ ಗರಗಸದ ಹಲ್ಲು. ಆಗ ಗೊತ್ತಾಗುತ್ತದೆ ಇದರ ಜಾತಿ.

ನಾನು ಮೇಲೆಮೇಲೆ ಹೂತಿದ್ದು ಎರಡು ದಿನ ತಡವಾಗಿ ಬಂತು, ತಲೆ ಮೇಲೆ ಸಿಪ್ಪೆಯ ಹೆಲ್ಮೆಟ್ ಹಾಕಿಕೊಂಡೇ. ಸಾಕಷ್ಟು ಆಳದಲ್ಲಿದ್ದರೆ ಮೇಲೆ ಬರುವಾಗ ಮಣ್ಣು ಉಜ್ಜಿ ಸಿಪ್ಪೆ ಕಳಚುತ್ತದೆ. ಇದಕ್ಕೆ ಉಜ್ಜೋದಕ್ಕೆ ಮಣ್ಣೇ ಇರಲಿಲ್ಲ. ಎಲೆ ಬಿಚ್ಚಿಕೊಳ್ಳಲಾಗದೆ ಒಳಗೇ ಹಳದಿಯಾಗತೊಡಗಿತು. ಒದ್ದೆ ಹತ್ತಿಯನ್ನು ಸಿಪ್ಪೆ ಮೇಲೆ ಅರ್ಧ ಗಂಟೆ ಇಟ್ಟೆ. ಮೆತ್ತಗಾದ ಮೇಲೆ ಎರಡು ಟೂತ್‌ಪಿಕ್ ಹಿಡಿದು, ಉಸಿರು ಬಿಗಿಹಿಡಿದು ಬಿಡಿಸಿದೆ. ಒಂದು ಎಲೆಯ ತುದಿ ಹರಿಯಿತು. ಆದರೂ ಬದುಕಿತು. ಬುಧವಾರದ ಬೀಜ ತನ್ನ ಪಾಡಿಗೆ ತಾನು ಎದ್ದು ಬಂತು. ಅದರ ಬಗ್ಗೆ ಹೇಳೋದಕ್ಕೆ ಏನೂ ಇಲ್ಲ. ಒಳ್ಳೆಯ ಮಗು.

ಮೊದಲು ಹುಟ್ಟಿದ್ದರ ಮೇಲೆ ನನಗೆ ಪ್ರೀತಿ ಜಾಸ್ತಿ. ಆಫೀಸಿಗೆ ಹೋಗುವಾಗ ನೀರು, ಬಂದ ಮೇಲೆ ನೀರು. ಕಿಟಕಿ ಬೇರೆ ಉತ್ತರಕ್ಕಿತ್ತು. ಬೆಳಕು ಸಾಲದೆ ಸಸಿ ಉದ್ದಕ್ಕೆ ಎಳೆದುಕೊಂಡು, ನುಗ್ಗೆಕಾಯಿಯ ನಾರಿನಷ್ಟು ಸಣಕಲಾಗಿ ಕಿಟಕಿಯ ಕಡೆ ವಾಲಿತು. ನಾನು ಅದನ್ನು ಬೆಳವಣಿಗೆ ಅಂದುಕೊಂಡೆ. ಏಪ್ರಿಲ್ 27ರ ಬೆಳಗ್ಗೆ ನೋಡಿದರೆ ಮಲಗಿತ್ತು. ಎಲೆ ಹಸಿರಾಗೇ ಇದೆ. ಆದರೆ ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡವನ್ನು ಯಾರೋ ಉಗುರಲ್ಲಿ ಚಿವುಟಿದ ಹಾಗೆ ಕಂದಾಗಿ, ದಾರದಂತೆ ಸಣ್ಣಗಾಗಿತ್ತು.

ಅಪ್ಪನಿಗೆ ಫೋನ್ ಮಾಡಿದೆ. ಟೊಮೇಟೊ ಸಸಿ ಅಂತ ಸುಳ್ಳು ಹೇಳಿದೆ. ಅಲ್ಲಿ ಅವರದೂ ಅದೇ ಹೊತ್ತು. ಟ್ರೇಗಳಲ್ಲಿ ಹೊಗೆಸೊಪ್ಪಿನ ಸಸಿ ಎದ್ದಿತ್ತು, ಮಳೆ ನೋಡಿಕೊಂಡು ನಾಟಿಗೆ ಕಾಯುತ್ತಿದ್ದರು.

“ಬುಡ ಕೊಳ್ತದೆ ಕಣ್ಲಾ. ದಿನಕ್ಕೆ ಎಷ್ಟು ಕಿತ ನೀರು ಬುಡ್ತಿದ್ದೆ?”

“ಎರಡು.”

“ಸಾಯಿಸ್ಬುಟ್ಟೆ. ಬಿಸ್ಲಿಲ್ಲ, ಗಾಳಿಯಿಲ್ಲ, ಮ್ಯಾಕೆ ನೀರು. ಅದು ಮಗೀನಾ, ಮೀನಾ?”

ಅವರು ಹೇಳಿದ್ದು ಇಷ್ಟು. ಮಣ್ಣಿನ ಮೇಲ್ಪದರ ಒಣಗಬೇಕು. ಡಬ್ಬ ಎತ್ತಿ ನೋಡು, ಹಗುರ ಆದಾಗ ಮಾತ್ರ ನೀರು. ಬುಡಕ್ಕೆ ಬಿಡಬೇಡ, ಅಂಚಿಗೆ ಬಿಡು. ಗಾಳಿಯಾಡಲಿ. ನಾಟಿಗೆ ಒಂದು ವಾರ ಮುಂಚೆ ಮಡಿಗೆ ನೀರು ಕಡಿಮೆ ಮಾಡುತ್ತಿದ್ದರಲ್ಲ, ಸಸಿ ಗಟ್ಟಿಯಾಗಲಿ ಅಂತ, ಅದು ಆಗ ನೆನಪಾಯಿತು. ಬಾಡಿದ ಸಸಿ ನೋಡಿ ನಾವು ಹುಡುಗರು ಕದ್ದು ನೀರು ಹಾಕಿ ಬೈಸಿಕೊಂಡಿದ್ದೂ ನೆನಪಾಯಿತು.

ಉಳಿದ ಎರಡನ್ನು ಅಡುಗೆಮನೆಯ ದಕ್ಷಿಣದ ಕಿಟಕಿಗೆ ಸಾಗಿಸಿದೆ. ಪುಟ್ಟ ಫ್ಯಾನ್ ಇಟ್ಟೆ, ಎಲೆ ಅಲ್ಲಾಡುವಷ್ಟು ಗಾಳಿ ಸಾಕು. ಗಾಳಿಗೆ ಅಲ್ಲಾಡಿದರೆ ಕಾಂಡ ದಪ್ಪವಾಗುತ್ತದೆ. ಪ್ರತಿ ಬೆಳಗ್ಗೆ ಡಬ್ಬ ಎತ್ತಿ ತೂಕ ನೋಡೋದು ಅಭ್ಯಾಸವಾಯಿತು. ಒದ್ದೆ ಡಬ್ಬ ಯಾವುದು, ಒಣ ಡಬ್ಬ ಯಾವುದು ಅಂತ ಒಂದು ವಾರದಲ್ಲಿ ಕೈಗೇ ಗೊತ್ತಾಯಿತು. ಸತ್ತದ್ದರ ಲೆಕ್ಕಕ್ಕೆ ಪೊಟ್ಟಣದ ನಾಲ್ಕನೇ ಬೀಜ ನೆನೆಹಾಕಿದೆ. ಈ ಸಲ ಬೇರು ಕೆಳಕ್ಕೆ.

ಮೇ 4, ಭಾನುವಾರ. ಅಮ್ಮನ ಜೊತೆ ವಿಡಿಯೊ ಕಾಲ್‌ನಲ್ಲಿದ್ದೆ, ಫೋನು ಅಡುಗೆಮನೆಯ ಕಟ್ಟೆ ಮೇಲಿತ್ತು. ಹಿಂದೆ ಕಿಟಕಿ ಇದೆ ಅನ್ನೋದು ಮರೆತೇಹೋಗಿತ್ತು. ಅಪ್ಪ ಪಕ್ಕದಿಂದ ಬಗ್ಗಿ ನೋಡಿದರು. ಆ ಹೊತ್ತಿಗೆ ಸಸಿಯಲ್ಲಿ ಒಂದು ಬೆರಳಿನ ಎಲೆ ಮುಗಿದು, ಮೂರು ಬೆರಳಿನದು ಮುಗಿದು, ಐದು ಬೆರಳಿನ ಎಲೆ ಬಿಚ್ಚುತ್ತಿತ್ತು.

“ಅದೇನ್ಲಾ ಅದು ಟೊಮೇಟಾ?”

ನಾನು ಮಾತಾಡಲಿಲ್ಲ.

“ಭಂಗಿ ಸೊಪ್ಪಲ್ವೇನ್ಲಾ!”

ಅಮ್ಮ “ಅಯ್ಯೋ ಶಿವನೇ” ಅಂದಳು. ಅಮ್ಮನಿಗೆ ತಕ್ಷಣ ಪೊಲೀಸರು ಕಂಡರು. ಕಾನೂನು, ಮೂರು ಗಿಡ, 50 ಗ್ರಾಂ, ಎಲ್ಲಾ ವಿವರಿಸಿದೆ. ಅವಳಿಗೆ ಒಂದೂ ತಲೆಗೆ ಹೋಗಲಿಲ್ಲ. ಅಪ್ಪ ಮಾತ್ರ ಎಲ್ಲಾ ಕೇಳಿಸಿಕೊಂಡು ಸುಮ್ಮನೆ ಒಂದು ಪ್ರಶ್ನೆ ಹಾಕಿದರು.

“ಲೈಸೆನ್ಸ್ ಅದಾ?”

ಇದು ತಮಾಷೆ ಅಂದುಕೊಳ್ಳಬೇಡಿ. ನಮ್ಮ ಕಡೆ ಹೊಗೆಸೊಪ್ಪು ಅಂದರೆ ಮೊದಲು ಬರೋದೇ ಲೈಸೆನ್ಸ್. 1976ರಲ್ಲಿ ತಂಬಾಕು ಮಂಡಳಿ ಶುರುವಾಯಿತು. ಬೆಳೆಯೋದಕ್ಕೆ ನೋಂದಣಿ, ಬೆಂಕಿ ಹತ್ತಿಸಿ ಸೊಪ್ಪು ಬೇಯಿಸುವ ಮನೆಗೆ, ಅಂದರೆ ಬ್ಯಾರನ್ನಿಗೆ ಲೈಸೆನ್ಸ್, ಮಾರೋದಕ್ಕೆ ಮಂಡಳಿಯದೇ ಹರಾಜು ಕಟ್ಟೆ. ಬೋರ್ಡಿನವರು ಎಷ್ಟು ಬೆಳೆಯಬಹುದು ಅನ್ನುತ್ತಾರೋ ಅಷ್ಟು. ಹಾಗಾಗಿ ಸರ್ಕಾರ ಲೆಕ್ಕ ಇಡುವ ಗಿಡ ಅಂದರೆ ಅಪ್ಪನಿಗೆ ಹೊಸದೇನಲ್ಲ. ಮೂರು ಗಿಡಕ್ಕೆ ಲೈಸೆನ್ಸ್ ಬೇಡ, ನಾಲ್ಕನೆಯದು ಬೆಳೆದರೆ ತಪ್ಪು ಅಂದೆ. “ಮೂರು ಗಿಡುಕ್ಕೆ ಯಾವ ಬ್ಯಾರನ್ ಹತ್ತಿಸ್ತೀಯಪ್ಪ” ಅಂತ ನಗುತ್ತಾ, ಕ್ಯಾಮೆರಾ ಹತ್ತಿರ ತೋರಿಸು ಅಂದರು. ಕಾಂಡ ನೋಡಿದರು. ತಡವಾಗಿ ಬಂದದ್ದು ಉದ್ದ ಜಾಸ್ತಿ ಇದೆ, ನಾಟಿ ಮಾಡುವಾಗ ಕತ್ತಿನವರೆಗೂ ಹೂತುಬಿಡು ಅಂದರು. ಅಮ್ಮ ಆ ದಿನ ನನ್ನ ಜೊತೆ ಮತ್ತೆ ಮಾತಾಡಲಿಲ್ಲ.

ದೊಡ್ಡ ಕುಂಡಕ್ಕೆ ಹಾಕಿ ಹೊರಗಿಡಬೇಕು ಅಂತ ನಾನು ಆ ವಾರವೇ ಹೊರಟಿದ್ದೆ. ಹಗಲು ಬಿಸಿಲು ಚೆನ್ನಾಗಿತ್ತು. ಮೇಲ್ಮನೆ ಅಜ್ಜಿ ಬಾಲ್ಕನಿಯಿಂದ ಬಗ್ಗಿ, ಸೋಫಿ ಹೋಗುವವರೆಗೆ ತಡಿ ಅಂದರು. ಯಾವ ಸೋಫಿ? ಅವರ ಮೊಮ್ಮಗಳಿರಬೇಕು ಅಂದುಕೊಂಡೆ. ಇಲ್ಲಿನ ಹಳಬರ ಪಂಚಾಂಗದಲ್ಲಿ ಮೇ 11ರಿಂದ 15ರವರೆಗೆ ಐದು ಜನ ‘ಹಿಮದ ಸಂತರ’ ದಿನ. ಕೊನೆಯವಳು ‘ತಣ್ಣನೆಯ ಸೋಫಿ’. ಅವಳು ದಾಟುವವರೆಗೆ ರಾತ್ರಿ ಹಿಮ ಬೀಳಬಹುದು, ಎಳೆ ಗಿಡ ಹೊರಗಿಡಬಾರದು. ನಮ್ಮಲ್ಲಿ ಭರಣಿ ಮಳೆ ಮುಗಿದು ಕೃತ್ತಿಕೆ ಶುರುವಾಗೋದೂ ಸುಮಾರು ಅದೇ ಮೇ 11ಕ್ಕೆ. ಅಪ್ಪ ಮಳೆಗೆ ಕಾಯುತ್ತಿದ್ದರು, ನಾನು ಒಬ್ಬಳು ಸಂತಳಿಗೆ ಕಾಯುತ್ತಿದ್ದೆ.

ಅಂದಹಾಗೆ, ಇದೇನು ಗಿಡ ಅಂತ ಅಜ್ಜಿಗೆ ಮೊದಲೇ ಗೊತ್ತಿತ್ತು. ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿಯೂ ಇದೇ ಕುಟುಂಬದ್ದು, ಅದನ್ನು ಬೆಳೆಯುವ ಬವೇರಿಯಾ ರಾಜ್ಯದವರನ್ನು ಯಾರೂ ಕೇಳೋದಿಲ್ಲ ಅಂದರು.

ಮೇ 17, ಶನಿವಾರ ನಾಟಿ. ಡಬ್ಬದ ಅಂಚು ದಾಟಿ ಎಲೆ ಚಾಚಿತ್ತು, ತಳದ ತೂತಿನಿಂದ ಬೇರಿನ ಬಿಳಿ ತುದಿ ಕಾಣುತ್ತಿತ್ತು. ಮೊದಲೇ ಯಾಕೆ ದೊಡ್ಡ ಕುಂಡಕ್ಕೆ ಬಿತ್ತಲಿಲ್ಲ ಅಂದರೆ, ಚಿಕ್ಕ ಬೇರು ಅಷ್ಟು ಮಣ್ಣಿನ ನೀರು ಕುಡಿಯಲಾರದು. ಮಣ್ಣು ಒದ್ದೆಯಾಗೇ ಉಳಿದು ಮತ್ತೆ ಬುಡ ಕೊಳೆಯುತ್ತದೆ. 11 ಲೀಟರಿನ ಎರಡು ಕುಂಡ ತಂದಿದ್ದೆ. ಟೊಮೇಟೊ ಮಣ್ಣಿನ ಚೀಲ ಈಗ ಕೆಲಸಕ್ಕೆ ಬಂತು.

ಬಿಸಿಲು ಇಳಿಯಲಿ ಅಂತ ಕಾದೆ. ಇಲ್ಲಿ ಮೇ ತಿಂಗಳಲ್ಲಿ ಅದು ಇಳಿಯೋದು ರಾತ್ರಿ ಊಟದ ಹೊತ್ತಿಗೆ. ಕುಂಡಕ್ಕೆ ಮುಕ್ಕಾಲು ಮಣ್ಣು ತುಂಬಿ, ನಡುವೆ ಒಂದು ಖಾಲಿ ಮೊಸರು ಡಬ್ಬ ಕೂರಿಸಿ ಸುತ್ತಲೂ ಮಣ್ಣು ಒತ್ತಿದೆ. ಡಬ್ಬ ತೆಗೆದರೆ ಸಸಿಗೆ ಅಳತೆ ತೆಗೆದ ಗುಳಿ. ಹಿಂದಿನ ರಾತ್ರಿ ಸ್ವಲ್ಪ ನೀರು ಕೊಟ್ಟಿದ್ದೆ. ತೀರಾ ಒಣಗಿದ್ದರೆ ಮಣ್ಣು ಉದುರಿ ಬೇರು ಬೆತ್ತಲೆಯಾಗುತ್ತದೆ, ತೀರಾ ಒದ್ದೆಯಿದ್ದರೆ ಕೆಸರಾಗಿ ಕುಸಿಯುತ್ತದೆ. ಎಡಗೈಯ ಎರಡು ಬೆರಳ ನಡುವೆ ಕಾಂಡ ಬರುವ ಹಾಗೆ ಅಂಗೈ ಮುಚ್ಚಿ ಡಬ್ಬ ಬೋರಲು ಹಾಕಿದೆ. ಪಕ್ಕ ಹಿಸುಕಿದೆ, ತಳಕ್ಕೆ ತಟ್ಟಿದೆ. ಬರಲಿಲ್ಲ. ಇನ್ನೊಂದು ಸಲ ತಟ್ಟಿದೆ. ಇಡ್ಲಿ ತಟ್ಟೆಯಿಂದ ಬೆಂದ ಇಡ್ಲಿ ಜಾರಿದ ಹಾಗೆ ಮೆತ್ತಗೆ ಕೈಗೆ ಬಂತು. ಮಣ್ಣಿನ ಸುತ್ತ ಬಿಳಿ ಬೇರು ಶ್ಯಾವಿಗೆ ಸುತ್ತಿದಂತೆ. ಒಂದು ನಿಮಿಷ ಹಾಗೇ ಹಿಡಿದುಕೊಂಡು ನೋಡಿದೆ, ಹಸಿ ಮಣ್ಣಿನ ವಾಸನೆ, ಅದರ ಜೊತೆ ಎಲೆಯದೊಂದು ಘಾಟು.

ಗುಳಿಯಲ್ಲಿ ಕೂರಿಸಿ, ಉದ್ದ ಕಾಂಡದ್ದನ್ನು ಬೀಜದೆಲೆ ಇದ್ದ ಜಾಗದವರೆಗೂ ಹೂತೆ. ಮಣ್ಣನ್ನು ಮೆತ್ತಗೆ ಒತ್ತಿದೆ, ತುಳಿಯಲಿಲ್ಲ. ನೀರು ಅಂಚಿಗೆ, ಸುತ್ತಲೂ. ಎರಡನೆಯದನ್ನು ಎತ್ತುವಾಗ ಕೈ ಸ್ವಲ್ಪ ನಡುಗಿತು, ಒಂದು ಎಲೆ ಮುರಿಯಿತು. ಮುರಿದಿದ್ದು ಎಲೆ ತಾನೆ, ಕಾಂಡ ಅಲ್ವಲ್ಲ.

ಮರುದಿನ ಎರಡೂ ಕಿವಿ ಜೋತುಬಿದ್ದ ನಾಯಿಮರಿಗಳಂತೆ ನಿಂತಿದ್ದವು. ನೀರಿನ ಮಗ್ಗು ಕೈಗೆ ಬಂದಿತ್ತು. ಕುಂಡದ ಅಂಚು ಹಿಡಿದು ವಾಲಿಸಿ ನೋಡಿದೆ, ಭಾರ ಇತ್ತು. ಮಗ್ಗು ಕೆಳಗಿಟ್ಟು, ಹಳೆಯ ಬೆಡ್‌ಶೀಟ್ ಕಟ್ಟಿ ನೆರಳು ಮಾಡಿದೆ. ಮಂಗಳವಾರಕ್ಕೆ ತಲೆ ಎತ್ತಿದವು.

ಬೇರಿನ ಫೋಟೊ ಅಪ್ಪನಿಗೆ ಕಳಿಸಿದ್ದೆ. ಅವರ ಕಡೆ ಕೃತ್ತಿಕೆ ಮಳೆ ಬಿದ್ದು ನಾಟಿ ನಡೆಯುತ್ತಿತ್ತು, ಎರಡು ದಿನ ಉತ್ತರ ಬರಲಿಲ್ಲ. ಆಮೇಲೆ ಫೋನ್ ಬಂತು.

“ಬೇರು ಚೆನ್ನಾಗದೆ. ಒಟ್ಟು ಎಷ್ಟು ಬಿತ್ತಿದ್ದೆ?”

“ಮೊದಲು ಮೂರು.”

“ಸತ್ತಿದ್ದು?”

“ಒಂದು.”

“ಮೂರ್ರಲ್ಲಿ ಒಂದಾ? ನಮ್ಮ ಬೋರ್ಡ್‌ನೋರು ನಿಂಗೆ ಲೈಸೆನ್ಸ್ ಕೊಡಕಿಲ್ಲ ಬುಡು” ಅಂದು, ಅಮ್ಮನಿಗೆ ಫೋನ್ ಕೊಟ್ಟರು. ಊಟ ಆಯ್ತಾ ಅಂತ ಕೇಳಿದಳು ಅಮ್ಮ. ಗಿಡದ ಸುದ್ದಿ ಎತ್ತಲಿಲ್ಲ. ನಾನು ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದರಲ್ಲಿ ನಾಲ್ಕನೇ ಬೀಜದ ಡಬ್ಬ ಎತ್ತಿ ತೂಕ ನೋಡುತ್ತಿದ್ದೆ. ಹಗುರವಾಗಿತ್ತು.